ಮಡಿಕೆಯ ಗೆರೆ

ಹೆಬ್ಬಾಳದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಪಾದ್ರಿ ನಾನು. ನನಗೆಂದು ಒಂದು ಚರ್ಚ್ ಇರಲಿಲ್ಲ. ಸುತ್ತಿನ ಯಾವ ಫಾದರ್ ಊರಿಗೆ ಹೋದರೂ, ಜ್ವರ ಬಂದು ಮಲಗಿದರೂ, ಆ ಭಾನುವಾರದ ಪೂಜೆಗೆ ನನಗೆ ಹೇಳಿಕಳಿಸುತ್ತಿದ್ದರು. ಹೋದಲ್ಲೆಲ್ಲ ಜನ ಮೊದಲು ನನ್ನ ಹಿಂದೆ ನೋಡುತ್ತಿದ್ದರು, ತಮ್ಮ ಫಾದರ್ ಬರುತ್ತಿದ್ದಾರೇನೋ ಎಂದು. ಅದು ಅಭ್ಯಾಸವಾಗಿಹೋಗಿತ್ತು.

ಎಂಬತ್ತರ ದಶಕದ ಮೊದಲಲ್ಲಿ ಒಂದು ವರ್ಷ, ಪಾಸ್ಖ ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಗುವ ಹೊತ್ತಿಗೆ, ಯಶವಂತಪುರದಿಂದ ಕರೆ ಬಂತು. ಅಲ್ಲಿದ್ದವನು ನನ್ನ ಗೆಳೆಯ. ಪಾದ್ರಿಗಳಾಗಲು ಓದುವ ಗುರುಮಠದಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಹೊಟ್ಟೆನೋವೆಂದು ಆಸ್ಪತ್ರೆ ಸೇರಿದ್ದ.

"ಎರಡು ಭಾನುವಾರ ನೋಡ್ಕೊಳ್ಳೋ ಮಾರಾಯ. ನಿನ್ನ ಪ್ರಸಂಗ ಕೇಳಿ ಜನ ಓಡಿಹೋಗದಿದ್ರೆ ಸಾಕು," ಎಂದ.

ಅವನು ಆರಡಿ ಆಳು. ನಾನು ಅವನ ಭುಜಕ್ಕೆ ಬರುತ್ತಿದ್ದೆ. ಮೊದಲ ಭಾನುವಾರ ಪೂಜೆಗೆ ತೊಡುವ ನನ್ನ ಬಿಳಿ ನಿಲುವಂಗಿಯನ್ನು ಮರೆತು ಬಂದಿದ್ದರಿಂದ ಅವನದನ್ನೇ ಹಾಕಿಕೊಂಡೆ. ಅಂಚು ನೆಲದ ಮೇಲೆ ಎಳೆದಾಡಿತು. ಚರ್ಚಿನ ಬಟ್ಟೆ ಒಗೆದು ಹೊಲಿಯುತ್ತಿದ್ದ ಅಜ್ಜಿ ಸೂಜಿ ಹಿಡಿದು ಬಂದರು.

"ಅಲ್ಲಾಡ್ಬೇಡಿ ಸ್ವಾಮಿ. ಕತ್ತರಿ ಮಾತ್ರ ಹಾಕಲ್ಲ, ಮೊದ್ಲೇ ಹೇಳ್ತೀನಿ. ಮಡಚಿ ಕಚ್ಚಾ ಹೊಲಿಗೆ ಹಾಕ್ತೀನಿ. ನಮ್ ಸ್ವಾಮಿ ಬಂದ್ಮೇಲೆ ಒಂದ್ ಎಳೆ ಎಳೆದ್ರೆ ಬಿಚ್ಕೊಳ್ಳತ್ತೆ."

ಆಸ್ಪತ್ರೆಯಲ್ಲಿ ಇದನ್ನು ಹೇಳಿದಾಗ ಗೆಳೆಯ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. "ಬಂದಾಗಲೆಲ್ಲ ಅದನ್ನೇ ಹಾಕ್ಕೋ. ಕಪಾಟಿನಲ್ಲಿಟ್ರೆ ಜಿರಲೆ ಪಾಲು."

ಎರಡು ಭಾನುವಾರ ಕಳೆದವು. ತಪಸ್ಸುಕಾಲವೂ ಮುಗಿಯುತ್ತ ಬಂತು. ಪ್ರತಿ ವಾರ ಪೂಜೆಯಲ್ಲಿ ಅವನ ಆರೋಗ್ಯಕ್ಕಾಗಿ ಪ್ರಾರ್ಥಿಸುತ್ತಿದ್ದೆವು. ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ನನಗೆ ಹೇಳಿದ್ದರು, ಅವನಿಗೂ ಹೇಳಿದ್ದರು. ಆದರೂ ಪಾಸ್ಖಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಮಧ್ಯಾಹ್ನ ಅವನು ನನ್ನ ಕೈ ಹಿಡಿದುಕೊಂಡ. ಅವನ ಕೈಯಲ್ಲಿ ಮೂಳೆಯಷ್ಟೇ ಉಳಿದಿತ್ತು.

"ಪಾಸ್ಖದ ಪೂಜೆ ನಂದೇ ಕಣೋ. ಕುರ್ಚಿ ಮೇಲೆ ಕೂತಾದ್ರೂ ಮಾಡ್ತೀನಿ. ಆ ಹೊಲಿಗೆ ಬಿಚ್ಚಿಸಿಡು."

ಬಸ್ಸು ಹಿಡಿದು ಯಶವಂತಪುರಕ್ಕೆ ಹೋಗಿ ಅಜ್ಜಿಗೆ ಹೇಳಿದೆ.

"ನಿಜವಾಗ್ಲೂ ಬರ್ತಾರಾ ಸ್ವಾಮಿ?"

"ಬಿಚ್ಚಿಸಿಡು ಅಂದಿದ್ದಾನೆ ಅಜ್ಜಿ."

ಅಷ್ಟು ಹೊತ್ತಿಗೆ ಅವರು ಕನ್ನಡಕ ಹುಡುಕುತ್ತಿದ್ದರು. ಮರುದಿನ ಹೊಲಿಗೆ ಬಿಚ್ಚಿ ಒಗೆದ ನಿಲುವಂಗಿ ಚರ್ಚಿನ ಹಿತ್ತಲಲ್ಲಿ ಒಣಗಿತು.

ಮಂಗಳವಾರ ಬೆಳಗ್ಗೆ ಅವನು ತೀರಿಕೊಂಡ.

ಪಾದ್ರಿಗಳನ್ನು ಪೂಜೆಯ ಉಡುಪಿನಲ್ಲೇ ಮಣ್ಣು ಮಾಡುತ್ತಾರೆ. ಆ ನಿಲುವಂಗಿಯನ್ನೇ ತೊಡಿಸಿದೆವು. ಪಾದದವರೆಗೆ ಸರಿಯಾಗಿ ಬಂತು. ಆದರೆ ಅಂಚಿನಿಂದ ಒಂದು ಗೇಣು ಮೇಲೆ, ಮಡಿಕೆ ಇದ್ದ ಕಡೆ, ಒಂದು ಮಾಸಲು ಗೆರೆ ಉಳಿದಿತ್ತು. ಅಜ್ಜಿ ಅದನ್ನು ಹೆಬ್ಬೆರಳಿನಿಂದ ತಿಕ್ಕುತ್ತಲೇ ಇದ್ದರು.

"ಎಷ್ಟ್ ಇಸ್ತ್ರಿ ಮಾಡಿದ್ರೂ ಹೋಗ್ಲಿಲ್ಲ ಸ್ವಾಮಿ."

"ಇರ್ಲಿ ಬಿಡಿ ಅಜ್ಜಿ."

ಪಾದ್ರಿಗಳಿಗೆ ಮಾಡುವಂತೆ ಅವನ ತಲೆ ಪೀಠದ ಕಡೆಗೂ ಮುಖ ಜನರ ಕಡೆಗೂ ಇರುವ ಹಾಗೆ ಪೆಟ್ಟಿಗೆ ಇಟ್ಟರು. ಪೂಜೆ ನಾನೇ ಮಾಡಿದೆ. ಭಾನುವಾರವಷ್ಟೇ ರೋಗಿಗಳ ಜೊತೆ ಓದಿದ್ದ ಹೆಸರನ್ನು ಸತ್ತವರ ಜೊತೆ ಓದಿದೆ. ಪೀಠದಿಂದ ಅವನ ಮುಖ ಕಾಣುತ್ತಿರಲಿಲ್ಲ. ಗೆರೆ ಕಾಣುತ್ತಿತ್ತು.

ಪಾಸ್ಖದ ದಿನ ನನ್ನ ನಿಲುವಂಗಿಯನ್ನೇ ತೊಟ್ಟು ಪೀಠಕ್ಕೆ ಹೋದೆ. ಜನ ಎದ್ದು ನಿಂತು ನನ್ನನ್ನೇ ನೋಡಿದರು. ನನ್ನ ಹಿಂದೆ ಯಾರೂ ನೋಡಲಿಲ್ಲ.