ತೊಡೆಯ ಮೇಲೆ ಕೂರುವ ಗುಲಾಬಿ

ಮೊನ್ನೆ ಸಕ್ಕರೆ ಪರೀಕ್ಷೆಗೆಂದು ರಕ್ತ ಕೊಡಲು ಹೋಗಿದ್ದೆ. ಸೂಜಿ ಚುಚ್ಚಿದ ಹುಡುಗಿ ಆ ಜಾಗಕ್ಕೆ ಹತ್ತಿ ಒತ್ತಿ, ಸುರುಳಿಯಿಂದ ಬಿಳಿ ಅಂಟುಪಟ್ಟಿಯ ತುಂಡೊಂದನ್ನು ಹರಿದು ಅಂಟಿಸಿದಳು. ಈಗಿನ ತೆಳ್ಳನೆಯ ಕಾಗದದ ಪಟ್ಟಿಯಲ್ಲ, ಹಳೆಯ ನಮೂನೆಯ ಬಟ್ಟೆಯ ಪಟ್ಟಿ. ಅದಕ್ಕೊಂದು ವಾಸನೆಯಿದೆ, ಅರ್ಧ ರಬ್ಬರಿನದು, ಅರ್ಧ ಔಷಧದ್ದು. ತೊರವಿಯ ನಮ್ಮ ಮನೆಗೆ ಬರುವ ಆಟೋದಲ್ಲಿ ನಾನು ಮೊಣಕೈ ಮಡಚಿ ಮತ್ತೆ ಮತ್ತೆ ಮೂಸುತ್ತಿದ್ದೆ. ಎದುರಿಗೆ ಕೂತಿದ್ದ ಹೆಂಗಸು ಒಂದೆರಡು ಸಲ ನೋಡಿ, ಮುಖ ತಿರುಗಿಸಿಕೊಂಡಳು. ಬೇರೆಯವರಿಗೆ ಅದು ಆಸ್ಪತ್ರೆಯ ವಾಸನೆ. ನನಗೆ ಗುಲಾಬಿಯದು.

ಸ್ವಂತ ಮನೆ ಕಟ್ಟುವ ಮೊದಲು ನಾವು ವಿಜಯಪುರದ ಒಂದು ಓಣಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ನಾವು, ಮಾಳಿಗೆಯ ಮೇಲಿನ ಒಂದೂವರೆ ಕೋಣೆಯಲ್ಲಿ ಸಿಸ್ಟರ್. ಓಣಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಬಬಲೇಶ್ವರ, ತಿಕೋಟಾ, ಕಳ್ಳಕವಟಗಿ ಎಂದು ಈ ಕಡೆಯ ಊರುಗಳಲ್ಲೇ ಸರ್ಕಾರಿ ನರ್ಸ್ ಆಗಿ ಹೆರಿಗೆ ಮಾಡಿಸಿ ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಗಳು ಸೊಲ್ಲಾಪುರದಲ್ಲಿದ್ದಳು. ಬಿಳಿ ದುಪ್ಪಟ್ಟಾ ತಲೆಯ ಮೇಲೆ ಹೊದ್ದು, ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬರುತ್ತಿದ್ದರು. ಮಾತು ಕಡಿಮೆ. ಆದರೆ ಬಸುರಿ ಹೆಂಗಸು ಯಾರಾದರೂ ಎದುರಾದರೆ ನಿಲ್ಲಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಸೊಪ್ಪು ತಿನ್ನವಾ" ಎಂದು ಹೇಳದೆ ಬಿಡುತ್ತಿರಲಿಲ್ಲ.

ನಾನು ಆಗ ತಿಕೋಟಾದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದನ್ನು ನೋಡಿದರೆ ಇದು ಬಹಳ ಅವಮಾನದ ವಿಷಯ.

ಸಿಸ್ಟರ್ ಅವರ ಮಾಳಿಗೆಯ ತುಂಬ ಕುಂಡಗಳಿದ್ದವು. ಒಡೆದ ಬಕೆಟ್ಟು, ಎಣ್ಣೆಯ ಡಬ್ಬಿ, ಏನು ಸಿಕ್ಕರೂ ಅದರಲ್ಲೊಂದು ಗುಲಾಬಿ. ನಿವೃತ್ತಿಯಾದ ಮೇಲಿನ ಹವ್ಯಾಸವಿರಬೇಕು ಎಂದುಕೊಂಡಿದ್ದೆ. ಒಂದು ದಿನ ಒಣಗಿದ ಬಟ್ಟೆ ತರಲು ಮೇಲೆ ಹೋದಾಗ, ಅವರು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು, ಅರಳದ ಮೊಗ್ಗಿನ ದಳಗಳನ್ನು ಕಿತ್ತು, ಒಳಗಿನ ಕೇಸರಗಳನ್ನು ಚಿಮಟಿಯಿಂದ ಒಂದೊಂದಾಗಿ ತೆಗೆಯುತ್ತಿದ್ದರು. ಏನು ಮಾಡುತ್ತಿದ್ದೀರಿ ಎಂದು ಕೇಳಿದೆ.

"ಲಗ್ನಾ ಮಾಡಾಕತ್ತೇನ್ರಿ, ಟೀಚರ್" ಎಂದರು, ತಲೆ ಎತ್ತದೆ.

ಆಮೇಲೆ ನಿಧಾನವಾಗಿ ತಿಳಿಯಿತು. ಊರಿಂದೂರಿಗೆ ವರ್ಗವಾದಾಗಲೆಲ್ಲ ಅವರು ಬೆಳೆಸಿದ ಗುಲಾಬಿಗಳು ಹಿಂದೆಯೇ ಉಳಿಯುತ್ತಿದ್ದವು. "ಆರ್ಡರ್ ಬಂತಂದ್ರ ಟ್ರಂಕು ಬರ್ತೈತಿ, ಹಾಸಿಗಿ ಬರ್ತೈತಿ, ಗುಲಾಬಿ ಗಿಡಾ ಬರಂಗಿಲ್ರಿ. ಬಸ್ಸಿನ್ಯಾಗ ತೊಡಿ ಮ್ಯಾಲ ಇಟಗೊಂಡು ಹೋಗೂವಂಥಾದ್ದು ಬೇಕಿತ್ತ ನನಗ" ಎಂದು ಹೇಳಿದ್ದರು. ಸಸಿ ಮಾರುವವರ ಹತ್ತಿರ ಗಿಡ್ಡ ಗುಲಾಬಿಗಳು ಸಿಗುತ್ತಿದ್ದವು. ಪುಣೆ ಕಡೆಯಿಂದ ಬಂದ ಆ ಸುಕುಮಾರಿಯರು ನಮ್ಮ ಏಪ್ರಿಲ್ ಬಿಸಿಲಿಗೆ ಕಪ್ಪಾಗಿ ಕರಟಿ ಹೋಗುತ್ತಿದ್ದರು. ಬಬಲೇಶ್ವರದ ಕ್ವಾರ್ಟರ್ಸಿನಲ್ಲಿ ಯಾರೂ ನೀರು ಹಾಕದೆ ಬದುಕಿದ್ದ ಒಂದು ಕೆಂಪು ಗುಲಾಬಿಯ ಟೊಂಗೆ ಅವರ ಬಳಿ ಇತ್ತು. ಒಂದರ ಪರಾಗ ಇನ್ನೊಂದಕ್ಕೆ ಮುಟ್ಟಿಸಿ, ಇದರ ಗಟ್ಟಿತನ, ಪುಣೆಯದರ ಗಿಡ್ಡತನ, ಎರಡೂ ಒಂದೇ ಗಿಡದಲ್ಲಿ ಬರಬೇಕು ಎಂಬುದು ಅವರ ಲೆಕ್ಕಾಚಾರ. ಕೆಲಸದಲ್ಲಿದ್ದಾಗ ಬಿಡುವಿರಲಿಲ್ಲ. ಈಗ ವರ್ಗವೂ ಇಲ್ಲ, ಬಸ್ಸೂ ಇಲ್ಲ, ಆದರೂ ಆ ಆಸೆ ಮಾತ್ರ ಉಳಿದಿತ್ತು.

ಗುಲಾಬಿಗೆ ಕಾಯಿ ಬಿಡುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದು ಅವರ ಮಾಳಿಗೆಯಲ್ಲೇ. ನಮ್ಮ ಮನೆಗಳಲ್ಲಿ ಹೂವು ಗಿಡದ ಮೇಲೆ ಉಳಿದರೆ ತಾನೆ ಕಾಯಿ ಆಗುವುದು? ದೇವರಿಗೋ ಜಡೆಗೋ ಹೋಗಿಬಿಟ್ಟಿರುತ್ತದೆ. ಪರಾಗ ಮುಟ್ಟಿಸಿದ ಪ್ರತಿ ಹೂವಿನ ತೊಟ್ಟಿಗೂ ಅವರು ಈ ಬಿಳಿ ಅಂಟುಪಟ್ಟಿಯ ತುಂಡು ಸುತ್ತಿ, ಪೆನ್ನಿನಲ್ಲಿ ತಾಯಿಯ ಗುರುತು ಬರೆಯುತ್ತಿದ್ದರು. ಕೂಸು ಹುಟ್ಟಿದ ಕೂಡಲೇ ಮುಂಗೈಗೆ ಹಾಗೆಯೇ ಪಟ್ಟಿ ಕಟ್ಟುತ್ತಿದ್ದರಂತೆ, ಅದರ ಮೇಲೂ ತಾಯಿಯ ಹೆಸರೇ ಇರುತ್ತಿತ್ತಂತೆ. ಕಾಯಿ ಹಣ್ಣಾದ ಮೇಲೆ ಬೀಜಗಳು ಇಂಜೆಕ್ಷನ್ನಿನ ಖಾಲಿ ಬಾಟಲಿಗಳನ್ನು ಸೇರಿ, ಒದ್ದೆ ಹತ್ತಿಯ ನಡುವೆ, ಫ್ರಿಜ್ಜಿನ ಬಾಗಿಲಲ್ಲಿ ಹಾಲಿನ ಪಕ್ಕ ವಾರಗಟ್ಟಲೆ ಮಲಗುತ್ತಿದ್ದವು. ರಮಜಾನ್ ಹಬ್ಬದ ದಿನ ಅವರು ಕಳಿಸುತ್ತಿದ್ದ ಶೀರ್ ಖುರ್ಮಾ ಕುಡಿಯುವಾಗ, ಇದರ ಹಾಲು ಆ ಬಾಟಲಿಗಳ ನೆರೆಯದು ಎಂದು ನೆನೆದು ನನಗೆ ಒಳಗೊಳಗೇ ನಗು ಬರುತ್ತಿತ್ತು.

ಬೀಜಗಳಲ್ಲಿ ಹೆಚ್ಚಿನವು ಮೊಳೆಯುತ್ತಿರಲಿಲ್ಲ. ಮೊಳೆತವುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರದವು. ಆರನೆಯ ವರ್ಷಕ್ಕೋ ಏಳನೆಯ ವರ್ಷಕ್ಕೋ ಒಂದು ಸಸಿ ನಿಂತಿತು...

ಅದನ್ನು ನಾನು ಚೆನ್ನಾಗಿ ನೋಡಿದ್ದೇನೆ. ಮೊಣಕಾಲಿನ ಎತ್ತರವನ್ನೂ ಮುಟ್ಟಲಿಲ್ಲ ಅದು. ಹೂವು ಒಂದು ರೂಪಾಯಿ ನಾಣ್ಯದಷ್ಟು. ಅರಳುವಾಗ ಕುಸುಬಿ ಹೂವಿನ ಹಳದಿ, ದಿನ ಕಳೆದಂತೆ ಅದೇ ಕುಸುಬಿ ಬಾಡುವಾಗಿನ ಕೇಸರಿ ಕೆಂಪು. ಒಂದೇ ಗಿಡದ ಮೇಲೆ ಎರಡೂ ಬಣ್ಣ. ಕಲ್ಲು ಹಾಸಿದ ಮಾಳಿಗೆಯಲ್ಲಿ ಬರಿಗಾಲು ಇಡಲಾಗದ ಬೇಸಿಗೆಯಲ್ಲೂ ಅದು ಹೂ ಬಿಟ್ಟಿತು. ಮೂರು ಬೇಸಿಗೆ ನೋಡಿದ ಮೇಲೇ ಅವರು ನಂಬಿದ್ದು. ಅದರ ಸ್ವಂತ ಬೇರು ನಮ್ಮ ಸವಳು ನೀರಿಗೆ ಅಷ್ಟಾಗಿ ಒಗ್ಗದ ಕಾರಣ, ಅದರ ಕಣ್ಣುಗಳನ್ನು, ಎಂದರೆ ಎಲೆಯ ಬುಡದ ಚಿಗುರುಮೊಗ್ಗುಗಳನ್ನು, ತೆಗೆದು ಕಾಡು ಗುಲಾಬಿಯ ಬುಡಗಳಿಗೆ ಕಸಿ ಕಟ್ಟಿದರು. ನಾಲ್ಕು ಕಟ್ಟಿದ್ದರಲ್ಲಿ ಒಂದು ಹತ್ತಿತು. ಹಾಗೆ ಜಗತ್ತಿನಲ್ಲಿ ಆ ಗುಲಾಬಿಯ ಗಿಡಗಳು ಎರಡಾದವು.

ಹೆಸರೇನು ಎಂದು ಕೇಳಿದ್ದೆ. "ಹೆಸರ ಇಡೂದು ದವಾಖಾನಿ ಕೆಲಸಲ್ರಿ ಟೀಚರ್. ಮನಿಗೆ ಕರಕೊಂಡ ಹೋದವರು ಇಡ್ತಾರ" ಎಂದಿದ್ದರು.

ಅದೇ ವರ್ಷ ತೊರವಿಯ ಹೊಸ ಬಡಾವಣೆಯಲ್ಲಿ ನಮ್ಮ ಮನೆ ಮುಗಿಯಿತು. ವಾಸ್ತುಶಾಂತಿಯ ದಿನ ಸಿಸ್ಟರ್ ಆಟೋದಲ್ಲಿ ಬಂದಿಳಿದರು. ಕಸಿ ಗಿಡದ ಕುಂಡ ಅವರ ತೊಡೆಯ ಮೇಲಿತ್ತು. ಎರಡೂ ಒಂದೇ ಮಾಳಿಗೆಯ ಮೇಲಿರುವುದು ಬೇಡ, ಒಂದಕ್ಕೆ ಏನಾದರೂ ಆದರೆ ಇನ್ನೊಂದು ಇರಲಿ ಎಂದು ನನ್ನಲ್ಲಿಗೆ ತಂದಿದ್ದರು. "ನಿಮ್ಮ ಮನ್ಯಾಗ ಹೂ ಬಿಟ್ಟ ಮ್ಯಾಲ ನೀವ ಹೆಸರ ಇಡ್ರಿ" ಎಂದರು. ಕಸಿ ಕಟ್ಟಿದ ಗಂಟನ್ನು ಬೆರಳಿನಿಂದ ತೋರಿಸಿ, ಇದರ ಕೆಳಗೆ ಏನೇ ಚಿಗುರಿದರೂ ಕಿತ್ತು ಒಗೆಯಬೇಕು ಎಂದೂ ಹೇಳಿದರು. ಹೋಮದ ಹೊಗೆ, ಊಟದ ಪಂಕ್ತಿ, ಸೀರೆಯ ಸೆರಗಿಗೆ ಜೋತುಬೀಳುವ ನೆಂಟರ ಮಕ್ಕಳು... ನಾನು ತಲೆಯಾಡಿಸಿದೆ. ನನ್ನ ತರಗತಿಯ ಕೊನೆಯ ಬೆಂಚಿನವರು ಆಡಿಸುತ್ತಾರಲ್ಲ, ಅದೇ ರೀತಿ.

ಸ್ವಂತ ನೆಲ ಬಂದಾಗ ಮನುಷ್ಯನಿಗೆ ಏನೋ ಆಗುತ್ತದೆ. ಕುಂಡದಲ್ಲೇ ಇರಬೇಕೆಂದು ಆರೇಳು ವರ್ಷ ತಪಸ್ಸು ಮಾಡಿ ಹುಟ್ಟಿಸಿದ ಗಿಡವನ್ನು ನಾನು ಅಂಗಳದಲ್ಲಿ ಮೊಣಕೈ ಆಳದ ಗುಂಡಿ ತೋಡಿಸಿ ನೆಟ್ಟೆ. ಕೆಂಪು ಮಣ್ಣು, ಕುರಿ ಗೊಬ್ಬರ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಬುಡ ಅಲುಗಾಡಬಾರದೆಂದು ಮಣ್ಣು ಏರಿಸಿದೆ. ಗಂಟು ಮಣ್ಣೊಳಗೆ ಹೋಯಿತು, ಅದರ ಜೊತೆಗೆ ಸಿಸ್ಟರ್ ಹೇಳಿದ ಮಾತೂ ಹೋಯಿತು.

ಎರಡು ತಿಂಗಳಲ್ಲಿ ಬುಡದಿಂದ ಒಂದು ಕೊಂಬೆ ಎದ್ದಿತು. ಹಸಿರೆಂದರೆ ಹಸಿರು, ಬೆರಳಿನಷ್ಟು ದಪ್ಪ. ವಾರಕ್ಕೊಂದು ಗೇಣು ಏರುತ್ತಿತ್ತು. ಅದರ ಪಕ್ಕದಲ್ಲಿ ಹಳೆಯ ಗಿಡ್ಡ ಕಡ್ಡಿ ಬಡಕಲಾಗಿ, ಎಲೆ ಉದುರಿಸಿಕೊಂಡು ನಿಂತಿತ್ತು. ಶಾಲೆಯಿಂದ ಬಂದವಳು ಮೊದಲು ಆ ಕೊಂಬೆಯನ್ನು ನೋಡಿ, ಆಮೇಲೆ ಕಾಲು ತೊಳೆಯುತ್ತಿದ್ದೆ. ನನ್ನ ಕೈಗುಣದ ಬಗ್ಗೆ ನನಗೇ ಹೆಮ್ಮೆ. ಒಂದು ಭಾನುವಾರ, ಒಳ್ಳೆಯ ಕೊಂಬೆಗೆ ಜಾಗವಾಗಲಿ ಎಂದು, ಬಡಕಲು ಕಡ್ಡಿಯನ್ನು ನಾನೇ ಕತ್ತರಿಸಿ ಹಾಕಿದೆ. ಅದರ ಹಿಂದಿನ ವಾರವಷ್ಟೇ ಒಂಬತ್ತನೆಯ ತರಗತಿಯಲ್ಲಿ ಕಸಿ ಕಟ್ಟುವ ಪಾಠ ಮಾಡಿದ್ದೆ. ಕಪ್ಪು ಹಲಗೆಯ ಮೇಲೆ ಚಿತ್ರ ಬಿಡಿಸಿ, ಬುಡದ ಗಿಡ ಯಾವುದು, ಕಸಿಯ ಗಿಡ ಯಾವುದು ಎಂದು ಬಾಣದ ಗುರುತು ಹಾಕಿ ತೋರಿಸಿದ್ದೆ. ಚಿತ್ರ ಚೆನ್ನಾಗಿಯೇ ಬಂದಿತ್ತು.

ಅಷ್ಟರಲ್ಲಿ ಸಿಸ್ಟರ್ ಕಣ್ಣಿನ ಆಪರೇಷನ್ನಿಗೆಂದು ಮಗಳ ಮನೆಗೆ ಹೋಗಿದ್ದರು. ಫೋನು ಮಾಡಿದೆ. ಮಗಳು ಎತ್ತಿ, ಅಮ್ಮಿಯ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ಮಲಗಿದ್ದಾರೆ ಎಂದಳು. "ಗಿಡಾ ಭಾಳ ಚಲೋ ಐತಿ ಅಂತ ಹೇಳ್ರಿ" ಎಂದೆ. ಆಕೆ ಹೇಳಿದಳು. ಅದೇ ಆಗಬಾರದಿತ್ತು.

ಅದೇ ತಿಂಗಳು ಓಣಿಯ ಮನೆಯ ಮಾಲೀಕರು ಮಳೆಗಾಲದೊಳಗೆ ಮಾಳಿಗೆ ಸೋರುವುದನ್ನು ನಿಲ್ಲಿಸಬೇಕೆಂದು ಕೆಲಸ ಹಿಡಿಸಿದರು. ಕುಂಡಗಳೆಲ್ಲ ಕೆಳಗಿಳಿದು ಓಣಿಯ ಗೋಡೆಗೆ ಸಾಲಾಗಿ ನಿಂತವು. ಯಾರದೋ ಆಡು ಬಂದು ಬಾಯಿಗೆಟುಕಿದ್ದನ್ನೆಲ್ಲ ಮೇಯ್ದಿತು. ಎತ್ತರದ ಗಿಡಗಳು ಅಲ್ಪಸ್ವಲ್ಪ ಉಳಿದವು. ಗಿಡ್ಡದ್ದನ್ನು ಆಡು ಮಣ್ಣಿನವರೆಗೂ ಮುಗಿಸಿತ್ತು, ಉಳಿದ ಬೇರನ್ನು ಬಿಸಿಲು ಒಣಗಿಸಿತು. ಮಗಳು ಈ ಸುದ್ದಿಯನ್ನು ಅಳುಕುತ್ತಲೇ ಹೇಳಿದಾಗ ಸಿಸ್ಟರ್ ಅಷ್ಟೇನೂ ಕಳವಳಪಡಲಿಲ್ಲವಂತೆ. "ಟೀಚರ್ ಮನ್ಯಾಗ ಐತಲ್ಲ, ಅದು ಆರಾಮ ಐತಂತ" ಎಂದರಂತೆ.

ಊರಿಗೆ ಬಂದವರು ಮರುದಿನವೇ ತೊರವಿಗೆ ಬಂದರು. ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲೊಂದು ಬಟ್ಟೆಯ ಚೀಲ. ಅದರಲ್ಲಿ ಬ್ಲೇಡು, ಪ್ಲಾಸ್ಟಿಕ್ ಪಟ್ಟಿ, ಒದ್ದೆ ಬಟ್ಟೆ ಸುತ್ತಿದ ಡಬ್ಬಿ ಇದ್ದವು. ನಾಲ್ಕು ಕಣ್ಣು ತೆಗೆದುಕೊಂಡು ಹೋಗಿ ಮತ್ತೆ ಕಸಿ ಕಟ್ಟುವ ಎಣಿಕೆ. ನಾನು ಉತ್ಸಾಹದಿಂದ ಕೈ ಹಿಡಿದು ಅಂಗಳಕ್ಕೆ ಕರೆದೊಯ್ದೆ. ಗಿಡ ನನ್ನ ಎದೆಯ ಮಟ್ಟಕ್ಕೆ ನಿಂತಿತ್ತು.

ಸಿಸ್ಟರ್ ಅದರ ಆಚೆ ಈಚೆ ನೋಡಿದರು. "ಎಲ್ಲೈತ್ರಿ?" ಎಂದರು.

ಇದೇ ಎಂದೆ. ಅವರು ಹತ್ತಿರ ಬಂದು ಒಂದು ಎಲೆ ಹಿಡಿದು, ಕಣ್ಣಿಗೆ ತೀರ ಸಮೀಪ ತಂದು, ಅದರ ಮೇಲಿನ ಪುಟ್ಟ ಎಲೆಗಳನ್ನು ಉಗುರಿನಿಂದ ಎಣಿಸಿದರು. ಏಳು. ಇನ್ನೊಂದು ಎಲೆ. ಏಳು. ಅವರ ಗುಲಾಬಿಯ ಎಲೆಯಲ್ಲಿ ಐದೇ ಇರುತ್ತಿದ್ದವು. ನೆಲಕ್ಕೆ ಕೂತು ಬುಡದ ಮಣ್ಣನ್ನು ಬೆರಳಿನಿಂದಲೇ ಕೆದರಿದರು. ಗಂಟು ಸಿಕ್ಕಿತು. ಗಂಟಿನ ಮೇಲೆ ನಾನು ಕತ್ತರಿಸಿದ ಮೋಟು ಒಣಗಿ ಕಪ್ಪಾಗಿತ್ತು. ಬ್ಲೇಡಿನಿಂದ ಅದನ್ನು ಸ್ವಲ್ಪ ಹೆರೆದರು, ಹಸಿರು ಇದೆಯೋ ಎಂದು. ಇನ್ನೂ ಸ್ವಲ್ಪ ಕೆಳಗೆ ಹೆರೆದರು. ಆಗಲೂ ನನಗೆ ಪೂರ್ತಿ ಅರ್ಥವಾಗಿರಲಿಲ್ಲ.

ಬುಡದ ಕಾಡು ಗುಲಾಬಿಯನ್ನು ನಾನು ಸಾಕಿದ್ದೆ, ಅವರ ಗುಲಾಬಿಯನ್ನು ನನ್ನ ಕೈಯಾರೆ ಕತ್ತರಿಸಿದ್ದೆ.

ಸಿಸ್ಟರ್ ಎದ್ದು ಕೈ ಝಾಡಿಸಿಕೊಂಡರು. ನಳದಲ್ಲಿ ಕೈ ತೊಳೆದರು, ಆಸ್ಪತ್ರೆಯಲ್ಲಿ ತೊಳೆಯುವ ಹಾಗೆ ಮೊಣಕೈಯವರೆಗೆ. ಚಹಾ ಮಾಡಿದೆ, ಕುಡಿದರು. ಮತ್ತೆ ಅದೇ ಎರಡು ಗಿಡಗಳ ಲಗ್ನ ಮಾಡಿದರೆ ಆಗುವುದಿಲ್ಲವೇ ಎಂದು ಕೇಳಿದೆ. ವಿಜ್ಞಾನದ ಶಿಕ್ಷಕಿ ಕೇಳಬಾರದ ಪ್ರಶ್ನೆ.

"ಅದ ತಾಯಿ, ಅದ ತಂದಿ ಇದ್ರ ಅದ ಕೂಸು ಹುಟ್ಟತೈತೇನ್ರಿ?" ಎಂದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನು ಅತ್ತು ಹಗುರಾಗುತ್ತಿದ್ದೆ. ಬಾಗಿಲ ತನಕ ಹೋದವರು ಚಪ್ಪಲಿ ಮೆಟ್ಟುತ್ತ, ನನ್ನ ಕಡೆ ನೋಡದೆ, ಯಾರಿಗೋ ವರದಿ ಒಪ್ಪಿಸುವ ದನಿಯಲ್ಲಿ ಹೇಳಿದರು: "ಮೂವತ್ತ ವರ್ಷದಾಗ ನನ್ನ ಕೈಯಾಗ ಒಂದು ಕೂಸೂ ಅದಲಬದಲ ಆಗಿದ್ದಿಲ್ಲ."

ಆಮೇಲೆ ನಾನು ಓಣಿಯ ಕಡೆ ಹೋಗುವುದು ಕಡಿಮೆಯಾಯಿತು. ನಾಚಿಕೆ, ಮತ್ತೇನಿಲ್ಲ. ಅವರು ಮತ್ತೆ ಒಂದು ಚಳಿಗಾಲ ಪರಾಗ ಮುಟ್ಟಿಸಿದರಂತೆ, ಕೈ ನಡುಗಲು ಶುರುವಾಗಿ ಬಿಟ್ಟರಂತೆ. ಮಗಳು ಬಂದು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದಳು. ಒಂದು ಸಲ ನಾನೂ ಹೋಗಬೇಕು ಎಂದುಕೊಳ್ಳುತ್ತಲೇ ಇದ್ದೆ... ತೀರಿಕೊಂಡ ಸುದ್ದಿ ಎಂಟು ದಿನ ತಡವಾಗಿ ಬಂತು. ಆ ಗುಲಾಬಿಯ ಒಂದು ಫೋಟೋ ಕೂಡ ಯಾರಲ್ಲೂ ಇಲ್ಲ. ವಾಸ್ತುಶಾಂತಿಯ ಚಿತ್ರಗಳಲ್ಲಿ ಹುಡುಕಿದ್ದೇನೆ. ಒಂದರಲ್ಲಿ ಊಟಕ್ಕೆ ಕೂತವರ ಹಿಂದೆ ಕುಂಡದ ಅಂಚಷ್ಟೇ ಕಾಣುತ್ತದೆ.

ಕಾಡು ಗುಲಾಬಿಯನ್ನು ನಾನು ಕೀಳಲಿಲ್ಲ. ಅದು ಈಗ ಕಂಪೌಂಡ್ ದಾಟಿ ರಸ್ತೆಗೆ ಬಾಗಿದೆ, ಗೊಂಚಲು ಗೊಂಚಲು ಗುಲಾಬಿ ಬಣ್ಣದ ಸಾಧಾರಣ ಹೂ. ಟೊಂಗೆ ಚುಚ್ಚಿದರೆ ಎಲ್ಲಿ ಬೇಕಾದರೂ ಹತ್ತುತ್ತದೆ. ಒಬ್ಬರು ನೋಡಿ ಇನ್ನೊಬ್ಬರು ಒಯ್ದು, ಬಡಾವಣೆಯ ಎಷ್ಟೋ ಮನೆಗಳ ಮುಂದೆ ಅದೇ ಇದೆ.

ಮೊನ್ನೆ ಆಟೋ ಇಳಿಯುವ ಹೊತ್ತಿಗೆ ಹೊಸದಾಗಿ ಬಂದ ಎದುರು ಮನೆಯಾಕೆ ಗೇಟಿನ ಹತ್ತಿರ ಕಾಯುತ್ತಿದ್ದಳು. "ಟೀಚರ್ ಗುಲಾಬಿದು ಒಂದು ಟೊಂಗಿ ಕೊಡ್ರಿ, ಟೀಚರ್" ಎಂದಳು.

ನಾನು ಅವಳತ್ತ ನೋಡಿದೆ. ಏನು ಗುಲಾಬಿ ಎಂದೆ.

"ಟೀಚರ್ ಗುಲಾಬಿ, ಹಂಗ ಅಂತಾರಲ್ರಿ ಎಲ್ಲಾರೂ. ನಿಮಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಇದು ನನ್ನ ಗುಲಾಬಿಯಲ್ಲ, ಆ ಹೆಸರು ಇದಕ್ಕೆ ಬೇಡ ಎಂದು ಹೇಳಲು ಬಾಯಿ ತೆರೆದೆ. ಆದರೆ ಅವಳು ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸಿಸ್ಟರ್ ಬೆಳೆಸಿದ್ದು ಹೋಯಿತು, ನಾನು ಬೆಳೆಸಿದ್ದು ಇದೇ. ಒಳಗಿನಿಂದ ಕತ್ತರಿ ತಂದು, ಒಳ್ಳೆಯ ಟೊಂಗೆಯೊಂದನ್ನು ನೋಡಿ ಕತ್ತರಿಸಿ ಕೊಟ್ಟೆ.