ಎರಡು ಗೆರೆ ಸಮವಾಗುವ ತನಕ

ಬೆಳಗಿನ ಆರು ಗಂಟೆ. ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ಹೃದಯದ ರಕ್ತನಾಳ ಪರೀಕ್ಷಿಸುವ ಕ್ಯಾಥ್‌ಲ್ಯಾಬಿಗೆ ಡಾಕ್ಟರೂ ಬಂದಿಲ್ಲ, ರೋಗಿಯೂ ಬಂದಿಲ್ಲ. ಮರುದೇವಿ ಒಬ್ಬರೇ ಕೇಬಲ್ಲುಗಳನ್ನು ಒಂದೊಂದಾಗಿ ಎಳೆದು ನೋಡುತ್ತಾರೆ. ರಕ್ತದೊತ್ತಡ ಅಳೆಯುವ ಸೆನ್ಸರನ್ನು, ಮೇಜಿನ ಮೇಲೆ ಮಲಗುವವರ ಎದೆಯ ಮಟ್ಟಕ್ಕೆ ಕಟ್ಟುತ್ತಾರೆ. ನಾಲ್ಕು ಬೆರಳು ಮೇಲಾದರೂ ಅಳತೆ ಕೆಡುತ್ತದೆ. "ಮಷಿನ್ ಸುಳ್ಳು ಹೇಳಲ್ಲ ಅಂತಾರೆ. ಹೇಳುತ್ತೆ ಕಣ್ರೀ, ಚೆನ್ನಾಗೇ ಹೇಳುತ್ತೆ," ಎಂದು ನಗುತ್ತಾರೆ.

ಚನ್ನರಾಯಪಟ್ಟಣ ತಾಲ್ಲೂಕಿನ ಜೈನ ಮನೆತನದ ಮರುದೇವಿಗೆ ನಲವತ್ತೆರಡು ವರ್ಷ; ಟೆಕ್ನಿಷಿಯನ್ ಕೆಲಸಕ್ಕೆ ಸೇರಿ ಹದಿನಾರು. ದಿನಕ್ಕೆ ಎಂಟೊಂಬತ್ತು ಕೇಸು, ಮೈಮೇಲೆ ಎಕ್ಸ್-ರೇ ತಡೆಯುವ ಆರು ಕಿಲೋ ಸೀಸದ ಅಂಗಿ. ಸೊಂಟನೋವಿಗೆಂದು ಯಾರೂ ರಜೆ ಕೊಡುವುದಿಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣುವ ಪದ್ಧತಿ ಅವರಿಗಿಲ್ಲ. ಸಂಜೆಯ ಕೇಸು ಎಳೆದರೆ ಬುತ್ತಿ ಹಾಗೇ ಮನೆಗೆ ವಾಪಸ್.

ಹೃದಯದ ರಕ್ತನಾಳದಲ್ಲಿ ಬ್ಲಾಕ್ ಕಂಡ ತಕ್ಷಣ ಸ್ಟೆಂಟ್ ಹಾಕಬೇಕೆಂದೇನಿಲ್ಲ. ನೋಡಲು ಭಯವಾದರೂ ರಕ್ತ ಸಲೀಸಾಗಿ ಹರಿಯುತ್ತಿರಬಹುದು. ಅದನ್ನು ತಿಳಿಯಲು, ತುದಿಯ ಬಳಿ ಒತ್ತಡ ಅಳೆಯುವ, ಹೊಲಿಗೆ ದಾರದಷ್ಟು ಸಣ್ಣ ತಂತಿಯನ್ನು ಬ್ಲಾಕಿನ ಆಚೆಗೆ ದಾಟಿಸುತ್ತಾರೆ. ಈಚೆ ನೂರಿದ್ದಾಗ ಆಚೆ ಎಂಬತ್ತು ಅಥವಾ ಕಡಿಮೆ ಬಂದರೆ ಸಾಮಾನ್ಯವಾಗಿ ಸ್ಟೆಂಟ್. ಹೆಚ್ಚಿದ್ದರೆ ಮಾತ್ರೆ ಸಾಕು. ದಾಟಿಸುವ ಮೊದಲು ಪರದೆಯ ಎರಡು ಗೆರೆಗಳನ್ನು, ಈಚೆಯ ಒತ್ತಡದ್ದೊಂದು, ತಂತಿಯದ್ದೊಂದು, ಸಮ ಮಾಡಬೇಕು. ಅಳೆದ ಮೇಲೆ ತಂತಿಯನ್ನು ಹಿಂದಕ್ಕೆ ತಂದು, ಅವು ಸಮವಾಗಿಯೇ ಉಳಿದಿವೆಯೇ ಎಂದು ನೋಡಬೇಕು. ಅದು ಮರುದೇವಿಯ ಪಾಲಿನ ಕೆಲಸ.

ಐದು ವರ್ಷದ ಹಿಂದೆ ಅದು ಒಮ್ಮೆ ತಪ್ಪಿತು. ಮಲ್ಲಿಪಟ್ಟಣದ ಪಾಪಮ್ಮನಿಗೆ ಎಪ್ಪತ್ತೆಂಟು ಬಂತು. ಹೊರಗೆ ಮೂವರು ಕಾಯುತ್ತಿದ್ದರು. ಆತುರದಲ್ಲಿ, ತಂತಿ ಹಿಂದಕ್ಕೆ ತಂದು ನೋಡದೆ, ಸ್ಟೆಂಟ್ ಹಾಕಿದ್ದೂ ಆಯಿತು. "ಆಮೇಲೆ ನೋಡಿದ್ರೆ ತಂತಿ ಐದು ಕಡಿಮೆ ತೋರಿಸ್ತಿತ್ತು. ಬೇಡದೇ ಇದ್ದಿದ್ದು ಹಾಕ್ಬಿಟ್ವಿ. ಹೋಗುವಾಗ ಆಯಮ್ಮ ನಂಗೇ ಕೈ ಮುಗಿದ್ರು. ಹೇಳೋಕೆ ನಾಲಿಗೆ ಹೊರಳಲಿಲ್ಲ."

ಹೋದ ತಿಂಗಳು ಅದೇ ಮೇಜಿನ ಮೇಲೆ ಗೊರೂರಿನ ನೀರುಗಂಟಿ ದೊಡ್ಡಯ್ಯ. ನಾಲೆಗೆ ನೀರು ಬಿಡುವವನಿಗೆ ವಿವರಿಸುವುದು ಕಷ್ಟವಾಗುವುದಿಲ್ಲ. "ತೂಬಿನ ಆ ಕಡೆ ಈ ಕಡೆ ಮಟ್ಟ ನೋಡ್ದಂಗೆ ಅಲ್ವೇನವ್ವಾ? ನೋಡು, ನೋಡು."

ಪರದೆಯಲ್ಲಿ ಎಪ್ಪತ್ತೊಂಬತ್ತು. ಡಾಕ್ಟರ್ ಅನಿಲ್‌ಕುಮಾರ್ ಸ್ಟೆಂಟಿಗೆ ಕೈ ಚಾಚುತ್ತಾರೆ. ಹೊತ್ತು ಮುಳುಗಲು ಅರ್ಧ ಗಂಟೆಯಿದೆ.

"ಸರ್, ಒಂದ್ಸಲ ಹಿಂದಕ್ಕೆ ಎಳೀರಿ."

"ಹೊತ್ತಾಯ್ತು ಮರುದೇವಿ."

"ಆಗ್ಲಿ ಸರ್. ಎಳೀರಿ."

ಎಳೆದರೆ ಗೆರೆಗಳು ಬೇರೆ ಬೇರೆ. ತಂತಿ ಆರು ಕಡಿಮೆ ತೋರಿಸುತ್ತಿದೆ. ಸಮ ಮಾಡಿ ಮತ್ತೆ ಅಳೆದರೆ ಎಂಬತ್ತೈದು. ಸ್ಟೆಂಟಿನ ಪೊಟ್ಟಣ ಒಡೆಯದೆ ಕಪಾಟಿಗೆ ಹೋಗುತ್ತದೆ. ಅವತ್ತಿನ ಬುತ್ತಿಯೂ ತೆರೆಯದೆ ಮನೆಗೆ ಹೋಗುತ್ತದೆ.

ಮೊನ್ನೆ ದೊಡ್ಡಯ್ಯ ಖುಷಿಗೆ ಮರುದೇವಿಗೆಂದು ಎರಡು ದೊಡ್ಡ ಮೀನು ತಂದಿದ್ದ. ನರ್ಸ್ ತೇಜಶ್ರೀ ಕಿವಿಯಲ್ಲಿ ಅವರು ಜೈನರೆಂದು ಹೇಳಿದ ಮೇಲೆ ಅವನ ಮುಖ ಸಪ್ಪಗಾಯಿತು. "ತಪ್ಪಾಯ್ತು ಕಣವ್ವಾ, ನಂಗೊತ್ತಿರ್ನಿಲ್ಲ. ಸೊಪ್ಪು ತತ್ತೀನಿ ಬುಡು."

ಈಗ ಮರುದೇವಿ ಕೇಳಬೇಕಾಗಿಯೇ ಇಲ್ಲ. "ಡಾಕ್ಟ್ರೇ ತಂತಿ ಎಳೆದು ನನ್ನ ಕಡೆ ನೋಡ್ತಾರೆ," ಎನ್ನುವಾಗ ದನಿಯಲ್ಲಿ ಸಣ್ಣ ಹೆಮ್ಮೆ. ಆಸೆ ಏನಾದರೂ ಇದೆಯೇ ಎಂದರೆ ಸೀಸದ ಅಂಗಿಯ ಪಟ್ಟಿ ಬಿಗಿಯುತ್ತಾರೆ. ಆಮೇಲೆ ಹೇಳುತ್ತಾರೆ:

"ಒಂದ್ಸಲ ಮಲ್ಲಿಪಟ್ಟಣಕ್ಕೆ ಹೋಗ್ಬೇಕು. ಪಾಪಮ್ಮನೋರ ಮುಂದೆ ಕೂತ್ಕೊಂಡು ನಡೆದಿದ್ದು ಹೇಳ್ಬೇಕು. ಬೈದ್ರೆ ಬೈಸ್ಕೊಂಡು ಬರ್ತೀನಿ."