ಅತ್ತೆ ಬಿಟ್ಟ ಮುದ್ದೆ

ನಮ್ಮ ಸೋದರತ್ತೆಯ ಕೆಳದವಡೆ ಒಂದು ಬೆರಳಷ್ಟು ಮುಂದಿತ್ತು. ಹೂ ಕಟ್ಟಿ ಮುಗಿಸಿ, ನೂಲನ್ನು ಕೆಳಗಿನ ಹಲ್ಲಿಗೆ ಸಿಕ್ಕಿಸಿ ಪಟಕ್ಕನೆ ತುಂಡು ಮಾಡುತ್ತಿದ್ದಳು. ಅವಳು ಕತ್ತರಿ ಹುಡುಕಿದ್ದನ್ನು ನಾನು ನೋಡಿಲ್ಲ. ಆ ದವಡೆ ಅಪ್ಪನಿಗೆ ಬರದೆ ನನಗೆ ಬಂತು. "ನಿಮ್ ತಾತಂದು ಕಣ್ಲಾ ಈ ಗದ್ದ, ಆಸ್ತಿ ಅಂತ ಇಟ್ಕೋ" ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ನಾನು ಕೆಲಸಕ್ಕಿದ್ದ ಹೊಸೂರಿನ ಫ್ಯಾಕ್ಟರಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ, 'ಗದ್ದ' ಎಂದು ಕರೆದವರೇ ಹೆಚ್ಚು.

ಬಟನ್ ಮೊಬೈಲು ಎಲ್ಲರ ಕೈಗೂ ಬರುತ್ತಿದ್ದ ಆ ವರ್ಷ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡೆ. ದವಡೆಯನ್ನು ಕುಯ್ದು, ಹಿಂದಕ್ಕೆ ಸರಿಸಿ, ಸ್ಕ್ರೂ ಬಿಗಿದರು. ಮೂಳೆ ಕೂಡುವವರೆಗೆ ಮತ್ತೆ ಮುಂದಕ್ಕೆ ಜರುಗಬಹುದು, ಮೇಲಿನ ಕೆಳಗಿನ ಹಲ್ಲಿನ ತಂತಿಗೆ ಸಣ್ಣ ರಬ್ಬರುಗಳನ್ನು ಸದಾ ಹಾಕಿರಬೇಕು, ಏನನ್ನೂ ಅಗಿಯಬಾರದು ಎಂದರು ಡಾಕ್ಟರು. ನನಗೆ ಅಮ್ಮ ಇರಲಿಲ್ಲ. ಅತ್ತೆ ಹೊಸೂರಿನ ಹತ್ತಿರದ ಬೇರಿಕೆ ಊರಿನ ತನ್ನ ಮನೆಗೆ ಕರೆದೊಯ್ದಳು.

ಕೆಳತುಟಿ, ಗದ್ದ ಎರಡೂ ಜೋಮು ಹಿಡಿದಿದ್ದವು. ಗಂಜಿ ಸುರಿದರೂ ತಿಳಿಯುತ್ತಿರಲಿಲ್ಲ. ಜನರ ಮುಂದೆ ಅತ್ತೆ ಬಾಯಿಬಿಟ್ಟು ಹೇಳದೆ ತನ್ನ ಗದ್ದವನ್ನೇ ಸುಮ್ಮನೆ ಒರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಿ ನಾನೂ ಒರೆಸಿಕೊಳ್ಳುತ್ತಿದ್ದೆ. ಆ ಜೋಮು ಮುಂದೆಯೂ ಪೂರ್ತಿ ಬಿಡಲಿಲ್ಲ.

ನಾನು ಸೊರಗಿದ್ದನ್ನು ನೋಡಲಾರದೆ ಒಂದು ಮಧ್ಯಾಹ್ನ ಮೆತ್ತಗೆ ಮುದ್ದೆ ತಿರುವಿದಳು.

"ಅಗೀಬಾರ್ದಂತೆ ಅತ್ತೆ."

"ಮುದ್ದೇನ ಯಾವನ್ಲಾ ಅಗೀತಾನೆ? ನುಂಗಾದು ತಾನೆ!"

ರಬ್ಬರು ತೆಗೆದು ನಾಲ್ಕು ತುತ್ತು ನುಂಗಿದೆ, ಅಷ್ಟೆ. ಆದರೆ ತೆಗೆಯುವುದು ನನಗೆ ಮುಂಚಿನಿಂದಲೇ ಅಭ್ಯಾಸವಾಗಿತ್ತು. ದಿನವೂ ಅತ್ತೆ ಹೂ ಮಾರಲು ಹೋದ ಕೂಡಲೇ ತೆಗೆದಿಟ್ಟು, ಸಂಜೆಯವರೆಗೆ ಕನ್ನಡಿಯಲ್ಲಿ ಹೊಸ ಮುಖ ನೋಡಿಕೊಳ್ಳುತ್ತಿದ್ದೆ, ಗೆಳೆಯರೊಂದಿಗೆ ಫೋನಿನಲ್ಲಿ ಹರಟುತ್ತಿದ್ದೆ.

ಮುಂದಿನ ಸಲ ತೋರಿಸಲು ಹೋದಾಗ ದವಡೆ ಮುಂದಕ್ಕೆ ಬಂದಿತ್ತು. "ರಬ್ಬರು ಬಿಟ್ಟಿದ್ರಾ?" ಎಂದರು ಡಾಕ್ಟರು. ನಾನು ನೆಲ ನೋಡಿದೆ. ಅತ್ತೆ ಕೈಮುಗಿದಳು. "ನಾನೇ ಸಾಮಿ, ಬುದ್ಧಿ ಇಲ್ದೆ ಮುದ್ದೆ ಇಕ್ಬುಟ್ಟೆ. ಅವನ್ನ ಬೈಬ್ಯಾಡಿ."

ಮತ್ತೆ ಕುಯ್ಯುವುದು ಬೇಡ, ದವಡೆ ಇನ್ನೂ ಮುಂದೆ ಬರದಂತೆ ಇಷ್ಟಕ್ಕೇ ನಿಲ್ಲಿಸೋಣ ಎಂದು ಬಿಗಿಯಾದ ರಬ್ಬರು ಕೊಟ್ಟರು. ನಾನು ಅಲ್ಲಿಯೂ ಹೇಳಲಿಲ್ಲ, ಬಸ್ಸಿನಲ್ಲಿಯೂ ಹೇಳಲಿಲ್ಲ.

ಅಂದಿನಿಂದ ಅತ್ತೆ ಮುದ್ದೆ ಬಿಟ್ಟಳು. ಹುಟ್ಟಿದಾಗಿನಿಂದ ರಾಗಿ ತಿಂದ ಹೆಂಗಸು. "ಅನ್ನ ತಿಂದ್ರೆ ಉಂಡಂಗೇ ಇರಲ್ಲ ಕಣ್ಲಾ" ಎನ್ನುತ್ತಲೇ ಅನ್ನ ತಿಂದಳು. ಒಮ್ಮೆ, "ಮುದ್ದೆ ಮಾಡು ಅತ್ತೆ" ಎಂದೆ.

"ಬ್ಯಾಡಪ್ಪ. ನಿನ್ ಮಕ ಕೆಡಿಸಿದ್ದು ಸಾಲ್ದಾ?"

ಹೇಳಬೇಕಿದ್ದುದು ಆಗಲೇ. ತಟ್ಟೆ ಮುಂದಕ್ಕೆ ತಳ್ಳಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ. ಎಂಥ ಹೇಡಿ ನಾನು!

ಮೂರು ವರ್ಷದ ಮೇಲೆ, ಹೂ ಬುಟ್ಟಿ ಇಳಿಸಿ ಜಗುಲಿಯಲ್ಲಿ ಒರಗಿದವಳು ಏಳಲಿಲ್ಲ. ನನಗೆ ಅಳು ಬರಲಿಲ್ಲ. ಹನ್ನೊಂದನೆಯ ದಿನ ಎಡೆ ಇಡುವಾಗ ಅಪ್ಪ, "ಅವ್ಳು ಮುದ್ದೆ ಮುಟ್ತಿರ್ಲಿಲ್ಲ, ಅನ್ನಾನೇ ಇಕ್ರಿ" ಎಂದರು. ನಾನು ಒಳಗೆ ಹೋಗಿ ಎಸರಿಟ್ಟೆ. ಗಂಟುಗಂಟಾದ ಒಂದು ಮುದ್ದೆ ಕಟ್ಟಿ ತಂದು ಎಲೆಗೆ ಹಾಕಿದೆ. "ಮುದ್ದೆಯಿಂದ ಅಲ್ಲತ್ತೆ, ನಾನೇ ರಬ್ಬರು ತೆಗೆದಿಡ್ತಿದ್ದೆ" ಎಂದೆ. ಅಪ್ಪ ನನ್ನನ್ನೇ ನೋಡಿದರು.

ಪಂಕ್ತಿಯಲ್ಲಿ ಕೂತು ಉಂಡೆ. ಬಂದವರನ್ನೆಲ್ಲ ಮಾತಾಡಿಸಿ ಬಸ್ಸು ಹತ್ತಿಸಿದೆ. ಸಂಜೆ ಕೈಕಾಲು ತೊಳೆಯಲು ಹೋಗಿ ಕನ್ನಡಿ ನೋಡಿದರೆ, ಗದ್ದದ ಮೇಲೆ ಸಾರು ಒಣಗಿತ್ತು. ಯಾರೂ ಹೇಳಿರಲಿಲ್ಲ.